ಗಾಜಣ್ಣನ ಇರುವೆ ಅಕ್ಷರ

ಬೀದಿಗೆಲ್ಲ ಕಾಣುವಂಥ ಬೋರ್ಡು ಬರೆಸಿದರೆ ಒಂದು ತಿಂಗಳ ಬಾಡಿಗೆಯಷ್ಟು ಖರ್ಚು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೆ ಅದರ ಎರಡರಷ್ಟು. ತಾನೇ ಕೂತು ವೆಬ್ ಪುಟ ಮಾಡಿಕೊಂಡರೆ ಪುಕ್ಕಟೆ. ಗಾಜಣ್ಣ ಕೆಟ್ಟದ್ದೇ ಈ ಲೆಕ್ಕದಿಂದ.

ಗಾಜಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಅವನದು ಕನ್ನಡಕದ ಅಂಗಡಿ. ಅಂಗಡಿ ಅವನದು, ಮಳಿಗೆ ಮಾತ್ರ ಮಾವನದು.

“ಅಳಿಯಂದಿರೇ, ಇಷ್ಟು ದೊಡ್ಡ ಮಳಿಗೇಲಿ ನೊಣ ಓಡಿಸ್ಕೊಂಡು ಕೂತಿದ್ದೀರಲ್ಲ! ಶನಿವಾರ ಸಂಜೆ ಬರ್ತೀನಿ. ಗಿರಾಕಿ ಕಾಣಿಸ್ಲಿಲ್ಲ ಅಂದ್ರೆ ಅರ್ಧ ಮಳಿಗೆ ಬೇರೆಯವರಿಗೆ ಕೊಟ್ಬಿಡ್ತೀನಿ, ಬೇಜಾರು ಮಾಡ್ಕೋಬೇಡಿ” ಎಂದು ಮಾವ ಹೇಳಿಹೋಗಿದ್ದರು.

ಗಾಜಣ್ಣ ವಾರವಿಡೀ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು, ವೀಡಿಯೊ ನೋಡಿ ಕಲಿತು, ಪುಟವೊಂದನ್ನು ಕಟ್ಟಿ, ಅದರ ನೆತ್ತಿಗೆ ಕನ್ನಡಕ ಹಾಕಿದ ಮಾವನ ಚಿತ್ರ ಅಂಟಿಸಿದ. ಶನಿವಾರ ಬೆಳಿಗ್ಗೆ ಅದನ್ನು ಬೀದಿಯವರ ಫೋನಿಗೆಲ್ಲ ಕಳಿಸಿ, ಬಾಗಿಲು ತೆಗೆದು ಕೂತ.

ಕೂತದ್ದೇ ತಡ, ಎದುರುಗಡೆಯ ಜೆರಾಕ್ಸ್ ಅಂಗಡಿಯವನು ಕಣ್ಣುಜ್ಜಿಕೊಳ್ಳುತ್ತ ಬಂದ. “ಗಾಜಣ್ಣ, ಇವತ್ಯಾಕೋ ಕಣ್ಣು ಮಂಜು ಮಂಜು. ಸ್ವಲ್ಪ ನೋಡು ಮಾರಾಯ.”

ಅವನ ಬೆನ್ನಿಗೇ ಔಷಧಿ ಅಂಗಡಿಯ ಅಕ್ಕ. “ನಂದೂ ನೋಡಪ್ಪ. ಕೆಮ್ಮಿನ ಔಷಧಿ ಕೇಳಿದವರಿಗೆ ಮಂಡಿನೋವಿನ ಎಣ್ಣೆ ಕೊಟ್ಟೀನು ಅಂತ ಭಯ ಆಗಿದೆ.”

ಆಮೇಲೆ ಬೇಕರಿಯವನು, ಬೀಗ ರಿಪೇರಿಯವನು, ಅವನ ಹೆಂಡತಿ, ಹೆಂಡತಿಯ ತಮ್ಮ. ಬೆಂಚು ತುಂಬಿ, ಉಳಿದವರು ಗೋಡೆಗೆ ಒರಗಿದರು. ನಲವತ್ತು ದಾಟಿದ ಕಣ್ಣಿಗೆ ಸಣ್ಣದೊಂದು ನಂಬರು ಇದ್ದೇ ಇರುತ್ತದೆ. ಇವರಿಗೂ ಇತ್ತು. ಗಾಜಣ್ಣ ಎಲ್ಲರಿಂದಲೂ ಮುಂಗಡ ತೆಗೆದುಕೊಂಡು, “ಸಂಜೆ ಬಂದು ತಗೊಂಡ್ಹೋಗಿ” ಎಂದ. ಜನ ಹೋದ ಮೇಲೆ ಗಾಜು ಉಜ್ಜುವ ಯಂತ್ರದ ಜೊತೆ ತಾನೂ ಗುನುಗತೊಡಗಿದ.

ಆಗ ಬಂದಳು ನಾದಿನಿ, ಮಾವನ ಕಿರಿಮಗಳು. ವೆಬ್ ಪುಟ ಮಾಡಿಕೊಡುವುದೇ ಅವಳ ಕಸುಬು. ಬಂದವಳು ಫೋನನ್ನು ಅವನ ಮೂಗಿಗೆ ಹಿಡಿದಳು.

“ಭಾವ, ಇದು ಪುಟವಾ, ಜಮಖಾನೆಯಾ? ಆ ತುದಿಯಿಂದ ಈ ತುದಿಗೆ ಎಳೆದೂ ಎಳೆದೂ ನನ್ನ ಬೆರಳು ಸವೆದುಹೋಯ್ತು!”

“ದೊಡ್ಡ ಕಂಪ್ಯೂಟರಲ್ಲಿ ಸರಿಯಾಗೇ ಕಾಣುತ್ತಮ್ಮ.”

“ಬೀದೀಲಿ ಹೋಗೋರು ಕಂಪ್ಯೂಟರ್ ತಲೆ ಮೇಲೆ ಹೊತ್ಕೊಂಡು ಹೋಗ್ತಾರಾ? ಅಕ್ಷರ ನೋಡಿದ್ರೆ ಇರುವೆ ಸಾಲು. ಅದೂ ಬಿಳೀ ಮೇಲೆ ಬೂದಿ ಬಣ್ಣ!”

“ನಾಜೂಕಾಗಿರ್ಲಿ ಅಂತ...”

“ನಾಜೂಕಂತೆ! ಅಪ್ಪ ಸಂಜೆ ಇದನ್ನ ನೋಡಿದ್ರೆ ಮಳಿಗೆ ಹಾಗಿರ್ಲಿ, ಬೆಂಚೂ ನಿಮಗೆ ಉಳಿಯಲ್ಲ. ಏಳಿ ಅತ್ಲಾಗೆ.”

ಮಾವನ ಹೆಸರು ಕೇಳಿದ್ದೇ ಗಾಜಣ್ಣ ಸ್ಪ್ರಿಂಗಿನಂತೆ ಎದ್ದ. ನಾದಿನಿ ಕೂತಳು. ಅಕ್ಷರಗಳನ್ನು ಊದಿಸಿ ಕಪ್ಪು ಬಣ್ಣ ಬಳಿದಳು. ಅಕ್ಕಪಕ್ಕ ನಿಂತು ಒದ್ದಾಡುತ್ತಿದ್ದ ಅಂಕಣಗಳು ಚಿಕ್ಕ ಫೋನಿನಲ್ಲಿ ತಾವಾಗಿಯೇ ಒಂದರ ಕೆಳಗೊಂದು ಇಳಿಯುವಂತೆ ಮಾಡಿದಳು.

ಅಷ್ಟರಲ್ಲಿ ಕಣ್ಣು ಕಾಣದ ಸಂಗೀತದ ಮೇಷ್ಟ್ರು ಕೋಲು ತಟ್ಟುತ್ತ ಒಳಗೆ ಬಂದರು. ಅವರ ಫೋನು ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುವಂಥದ್ದು.

“ಗಾಜಣ್ಣ, ಒಂದು ಕಪ್ಪು ಕನ್ನಡಕ ಆರಿಸೋಣ ಅಂತ ನಿನ್ನ ಪುಟ ತೆಗೆದೆ. ಚಿತ್ರ, ಚಿತ್ರ, ಗುಂಡಿ, ಗುಂಡಿ ಅಂತ ಬಡ್ಕೊಳ್ಳುತ್ತೆ. ಯಾವ ಚಿತ್ರ? ಯಾವ ಗುಂಡಿಗೆ ಬೀಳಿಸ್ತೀಯೋ ನನ್ನ?”

“ನೋಡಿದ್ರಾ ಭಾವ?” ಎಂದಳು ನಾದಿನಿ. “ಪ್ರತಿ ಚಿತ್ರಕ್ಕೂ ಅದರಲ್ಲೇನಿದೆ ಅಂತ ಹಿಂದುಗಡೆ ಬರೀಬೇಕು. ಅದು ಪುಟದ ಮೇಲೆ ಕಾಣಲ್ಲ, ಮೇಷ್ಟ್ರ ಫೋನು ಓದಿ ಹೇಳುತ್ತೆ. ಗುಂಡಿಗಳಿಗೆ ನಾನು ಹೆಸರು ಕೊಡ್ತೀನಿ. ಚಿತ್ರಗಳದ್ದು ನೀವು ಬರೀರಿ. ಇದ್ದದ್ದು ಇದ್ದ ಹಾಗೆ ಬರೀಬೇಕು, ಹೊಗಳಿಕೆ ಬೇಡ.”

ಕಾಣುವುದಿಲ್ಲ ಎಂಬ ಮಾತು ಗಾಜಣ್ಣನಿಗೆ ಭಾರಿ ಧೈರ್ಯ ಕೊಟ್ಟಿತು. ಪುಟದ ನೆತ್ತಿಯ ಮೇಲಿದ್ದ ಚಿತ್ರದಿಂದಲೇ ಶುರು ಮಾಡಿ, ಇದ್ದದ್ದು ಇದ್ದ ಹಾಗೆ ಬರೆದ. ಮಧ್ಯಾಹ್ನ ಹೊಸ ಪುಟ ಮತ್ತೆ ಎಲ್ಲರ ಫೋನಿಗೂ ಹೋಯಿತು.

ಸಂಜೆ ಮಾವ ಬಂದಾಗ ಅಂಗಡಿಯ ಮುಂದೆ ಜಾತ್ರೆಯಂಥ ಗುಂಪು. ಮಾವನ ಮುಖ ಅರಳಿತು. “ಪರವಾಗಿಲ್ವೇ ಅಳಿಯಂದಿರೇ!”

ಗಾಜಣ್ಣನ ಎದೆ ಪೂರಿಯಂತೆ ಉಬ್ಬಿತು. ಹೊಳೆಯುವ ಕನ್ನಡಕಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. “ಬನ್ನಿ, ಒಬ್ಬೊಬ್ಬರಾಗಿ ಬನ್ನಿ!”

“ಕನ್ನಡಕ ನೀನೇ ಇಟ್ಕೊ. ನನ್ನ ಮುಂಗಡ ವಾಪಸ್ ಕೊಡು” ಎಂದ ಜೆರಾಕ್ಸ್ ಅಂಗಡಿಯವನು. “ಬೆಳಿಗ್ಗೆ ನಿನ್ನ ಪುಟ ತೆಗೆದ್ರೆ ಒಂದಕ್ಷರ ಕಾಣ್ಲಿಲ್ಲ. ಕಣ್ಣು ಹೋಯ್ತು ಅಂತ ಓಡಿ ಬಂದೆ. ಈಗ ನೋಡು, ಫೋನನ್ನ ಮಾರುದೂರ ಇಟ್ರೂ ಓದ್ತೀನಿ! ಕೆಟ್ಟಿದ್ದು ನನ್ನ ಕಣ್ಣಲ್ಲ, ನಿನ್ನ ಪುಟ.”

“ನಾನೂ ಅದಕ್ಕೇ ಬಂದೆ ಕಣಪ್ಪ” ಎಂದಳು ಔಷಧಿ ಅಂಗಡಿಯ ಅಕ್ಕ. “ಎಷ್ಟು ಚಂದ ಕಾಣುತ್ತೆ! ಮಾಡಿದ್ಯಾರು?”

ಬೇಕರಿಯವನು, ಬೀಗದವನು, ಅವನ ಹೆಂಡತಿ, ಅವಳ ತಮ್ಮ, ಎಲ್ಲರೂ ಕೈಚಾಚಿ ನಿಂತರು. ಗಾಜಣ್ಣ ಮಾವನ ಕಡೆ ನೋಡದೆ ಗಲ್ಲಾಪೆಟ್ಟಿಗೆ ತೆಗೆದ. ಅದೇ ಹೊತ್ತಿಗೆ, ಹೊಸ ಪುಟ ಕೇಳಲೆಂದು ಮೂಲೆಯಲ್ಲಿ ಕೂತಿದ್ದ ಮೇಷ್ಟ್ರ ಫೋನು ಸ್ಫುಟವಾಗಿ ಓದಿತು:

“ಚಿತ್ರ. ಬೋಳು ತಲೆಯ, ಗಂಟು ಮುಖದ ಮುದುಕರೊಬ್ಬರು ಕಪ್ಪು ಫ್ರೇಮಿನ ಕನ್ನಡಕ ಹಾಕಿ ಯಾರನ್ನೋ ಬೈಯಲು ಸಿದ್ಧರಾಗಿದ್ದಾರೆ.”

ಎಲ್ಲರ ಕಣ್ಣೂ ಮಾವನ ತಲೆಯ ಮೇಲೆ ಹೋದವು.

“ಇನ್ನೊಂದ್ಸಲ ಓದಿಸಿ ಮೇಷ್ಟ್ರೇ” ಎಂದರು ಮಾವ.

ಫೋನು ಇನ್ನೊಂದು ಸಲ ಓದಿತು. ಮಾವ ತಮ್ಮ ತಲೆಯನ್ನು ನಿಧಾನವಾಗಿ ಸವರಿಕೊಂಡರು. ಗೋಡೆಯ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡು ಹೊಟ್ಟೆ ಕುಣಿಯುವಂತೆ ನಕ್ಕುಬಿಟ್ಟರು. “ಸರಿಯಾಗೇ ಬರ್ದಿದ್ದೀರಿ ಬಿಡಿ!”

ಬೀದಿಯೇ ನಕ್ಕಿತು. ಗಾಜಣ್ಣನೂ ಬದುಕಿದೆ ಎಂದುಕೊಂಡು ನಕ್ಕ.

ನಗು ನಿಲ್ಲುವಷ್ಟರಲ್ಲಿ ಔಷಧಿ ಅಂಗಡಿಗೂ ಬೇಕರಿಗೂ ಒಂದೊಂದು ಪುಟ ಬೇಕೆಂದು ನಾದಿನಿಯ ಕೈಗೆ ಮುಂಗಡ ಬಿದ್ದಿತ್ತು. ಗಾಜಣ್ಣ ವಾಪಸು ಕೊಟ್ಟ ಹಣವೇ ಅದು.

“ಗಿರಾಕಿ ಅಂದ್ರೆ ಇದು” ಎಂದರು ಮಾವ. “ಅರ್ಧ ಮಳಿಗೆ ನಾಳೆಯಿಂದ ಮಗಳಿಗೆ. ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ.”

ಎಲ್ಲರೂ ಹೋದ ಮೇಲೆ ನಾದಿನಿ ಕಣ್ಣುಜ್ಜಿಕೊಳ್ಳುತ್ತ ಹತ್ತಿರ ಬಂದಳು. “ಭಾವ, ಆ ಹಳೇ ಪುಟ ನೋಡೀ ನೋಡೀ ಕಣ್ಣು ಉರೀತಿದೆ. ಒಂದ್ಸಲ ನೋಡ್ತೀರಾ?”

ನೋಡಿದ. ನಂಬರಿತ್ತು. ಪುಟ ಮಾಡಿಕೊಟ್ಟ ಸ್ವಂತ ನಾದಿನಿಯ ಹತ್ತಿರ ದುಡ್ಡು ಕೇಳುವುದಾದರೂ ಹೇಗೆ?

ಆ ದಿನ ಗಾಜಣ್ಣ ಕಳೆದುಕೊಂಡದ್ದು ಅರ್ಧ ಮಳಿಗೆ, ಒಂದು ಬೆಂಚು ತುಂಬ ಗಿರಾಕಿಗಳು ಮತ್ತು ಒಂದು ಕನ್ನಡಕ. ಗಳಿಸಿದ್ದು ಒಂದು ವೆಬ್ ಪುಟ, ಕನ್ನಡಕವೇ ಬೇಡ ಎನ್ನುವಷ್ಟು ಸ್ಪಷ್ಟವಾದದ್ದು.