ಖಾಲಿ ಡಬ್ಬಿಯ ಮಾಸ್ತರ

ನೀರು ಕಂಡರೆ ನಮ್ಮ ಜನ ಮೊದಲು ಚಪ್ಪಲಿ ಬಿಡುತ್ತಾರೆ, ಆಮೇಲೆ ಬುದ್ಧಿ ಬಿಡುತ್ತಾರೆ. ಹೀಗಾಗಿ ಹೇಳಬಹುದಾದ ಪ್ರಸಂಗಗಳಿಗೆ ನನ್ನ ಹತ್ತಿರ ಎಂದೂ ಕೊರತೆಯಾಗಿಲ್ಲ.

ಬಾಗಲಕೋಟೆಯ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದೆ. ನಿವೃತ್ತನಾದ ಮೇಲೆ ಪ್ರತಿ ಬೇಸಿಗೆ ರಜೆಯಲ್ಲಿ ಆಲಮಟ್ಟಿ ಹಿನ್ನೀರಿನ ದಂಡೆಗೆ ಹೋಗಿ, ಒಂದು ಜಾಲಿ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂಡುತ್ತೇನೆ. ಐದು ಲೀಟರಿನ ಖಾಲಿ ಎಣ್ಣೆ ಡಬ್ಬಿಯೊಂದರ ಮುಚ್ಚಳ ಬಿಗಿದು, ಉದ್ದನೆಯ ಹಗ್ಗ ಕಟ್ಟಿ, ಆ ಮರಕ್ಕೆ ತೂಗುಹಾಕಿದ್ದೇನೆ. ಯಾರಾದರೂ ಮುಳುಗುತ್ತಿದ್ದರೆ ನೀವು ಹಾರಬೇಡಿ, ಡಬ್ಬಿ ಎಸೆಯಿರಿ, ಅವರು ಅದನ್ನು ಅಪ್ಪಿಕೊಳ್ಳಲಿ, ದಂಡೆಯ ಮೇಲೆ ನಿಂತೇ ಎಳೆಯಿರಿ. ಇಷ್ಟೇ ನನ್ನ ವಿದ್ಯೆ. ಇದಕ್ಕೆ ನನ್ನನ್ನು ಯಾರೂ ನೇಮಿಸಿಲ್ಲ. ಮನೆಯ ನಲ್ಲಿ ಸೋರುವುದನ್ನು ನೋಡದೆ ಊರಿನ ನೀರು ಕಾಯಲು ಹೋಗುತ್ತಾರೆ ಎಂದು ಹೆಂಡತಿ ಬಂದವರೆದುರು ಹೇಳುತ್ತಾಳೆ. ನಲ್ಲಿ ಸೋರುವುದಂತೂ ನಿಜ.

ಕೆಂಪು ಬಾವುಟ

ಒಂದು ರಜೆಯಲ್ಲಿ ಇಳಕಲ್ಲಿನ ಬೀಗರೆಲ್ಲ ಸೇರಿ ಕ್ರೂಸರ್ ಗಾಡಿ ಮಾಡಿಕೊಂಡು ಗೋವಾಕ್ಕೆ ಹೊರಟರು. ನನ್ನನ್ನೂ ಕರೆದರು. ಪ್ರೀತಿಯಿಂದ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಬಟ್ಟೆ ಕಾಯಲು ಒಬ್ಬ ಬೇಕಿತ್ತು.

ಬೀಚಿನಲ್ಲಿ ಕೆಂಪು ಬಾವುಟ ನೆಟ್ಟಿದ್ದರು. ಕೆಂಪು ಬಾವುಟವೆಂದರೆ ಇಲ್ಲಿ ಇಳಿಯಬೇಡಿ ಎಂದರ್ಥ, ಒಳಗೆ ಸೆಳವು ಇದೆ ಎಂದು ಗಾಡಿಯಿಂದ ಇಳಿಯುವಾಗಲೇ ಎಲ್ಲರಿಗೂ ಹೇಳಿದೆ. ಹೆಂಡತಿಯ ತಮ್ಮ ನಕ್ಕ. ಅವನು ಮಗ್ಗದ ಮನೆಯಲ್ಲಿ ಹುಟ್ಟಿದವನು, ಮಳೆಗಾಲದಲ್ಲಿ ಒಮ್ಮೆ ಹೊಳೆ ದಾಟಿದ್ದೇನೆ ಎಂಬುದನ್ನು ಮದುವೆ, ಮುಂಜಿ ಎನ್ನದೆ ಹೇಳಿಕೊಂಡು ಬಂದವನು. "ಮಾಮಾ, ತುಂಬಿದ ಕೃಷ್ಣಿ ದಾಟೇನಿ ನಾ. ಈ ಉಪ್ಪಿನ ನೀರು ನನಗೇನ್ ಮಾಡತೈತಿ?" ಎಂದ.

ಉಪ್ಪಿನ ನೀರು ಅವನನ್ನು ಎರಡು ಸಲ ಬುಡಮೇಲು ಮಾಡಿ ದಂಡೆಗೆ ಎಸೆಯಿತು. ಎದ್ದವನು ಹಸಿ ಧೋತರ ಹಿಂಡಿ, ಒಣಹಾಕಲು ಜಾಗ ಹುಡುಕಿ, ಆ ಬಾವುಟದ ಕಂಬಕ್ಕೇ ಸುತ್ತಿಬಿಟ್ಟ. ಬಾವುಟ ಮುಚ್ಚಿಹೋಯಿತು. ಅದನ್ನು ನೋಡಿ ದೂರದಲ್ಲಿ ಹೆದರಿ ನಿಂತಿದ್ದ ಹತ್ತಾರು ಜನ ಧೈರ್ಯವಾಗಿ ನೀರಿಗಿಳಿದರು. ಕಾವಲಿನ ಹುಡುಗ ಸೀಟಿ ಊದುತ್ತ ಓಡಿಬಂದು, ಕಂಬ ತೋರಿಸಿ, ಹಿಂದಿಯಲ್ಲಿ ಒಂದೇ ಸಮನೆ ಬೈಯತೊಡಗಿದ. ನನ್ನ ಭಾವಮೈದುನ ಸಮಾಧಾನದಿಂದ ಕೇಳಿಸಿಕೊಂಡು ಹೇಳಿದ: "ಬಾವುಟ ನಮ್ಮದಲ್ಲಪಾ. ಧೋತರ ಅಷ್ಟ ನಮ್ಮದು."

ಮುಟ್ಟಬೇಡಿ

ಜಾಲಿ ಮರಕ್ಕೆ ನಾನು ಕಟ್ಟಿದ ಮೊದಲ ಡಬ್ಬಿ ಮೂರು ದಿನ ಇತ್ತು. ಆಮೇಲೆ ಅದು ಶಿರೂರಿನ ಕಡೆ ಹೋಗುವ ಟ್ರ್ಯಾಕ್ಟರಿನಲ್ಲಿ ಡೀಸೆಲ್ ತುಂಬಿಕೊಂಡು ಹೋಗುವುದನ್ನು ನಾನೇ ಕಣ್ಣಾರೆ ಕಂಡೆ. ಎರಡನೆಯದು ಯಾರದೋ ಹಿತ್ತಿಲು ಸೇರಿತು. ಹಗ್ಗ ಒಂದು ಎಮ್ಮೆಯ ಕೊರಳಿಗೆ ಹೋಯಿತು. ಸಿಟ್ಟು ನೆತ್ತಿಗೇರಿ ಮೂರನೆಯ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಜೀವ ಉಳಿಸುವ ಡಬ್ಬಿ. ಯಾರೂ ಮುಟ್ಟಬೇಡಿ.

ಒಂದು ಭಾನುವಾರ ನಾನು ಚಹಾ ಕುಡಿಯಲು ರಸ್ತೆಗೆ ಹೋಗಿದ್ದೆ. ಬಾದಾಮಿ ನೋಡಿಕೊಂಡು ಬಂದ ಕಾಲೇಜಿನ ಹುಡುಗರ ಗುಂಪೊಂದು ನೀರಿಗಿಳಿದಿತ್ತು. ಗಲಾಟೆ ಕೇಳಿ ಓಡಿಬಂದರೆ, ಒಬ್ಬ ಮುಳುಗುತ್ತ ಏಳುತ್ತ ಇದ್ದಾನೆ, ಏಳೆಂಟು ಜನ ಮೊಬೈಲ್ ಎತ್ತಿ ಹಿಡಿದಿದ್ದಾರೆ, ಡಬ್ಬಿ ಅವರ ತಲೆಯ ಪಕ್ಕದಲ್ಲೇ ತೂಗುತ್ತಿದೆ. ನಾನು ಮರ ಮುಟ್ಟುವಷ್ಟರಲ್ಲಿ ಆ ಹುಡುಗ ಅತ್ತ ಈಜುತ್ತಿದ್ದ ಒಂದು ಎಮ್ಮೆಯ ಬಾಲ ಹಿಡಿದುಬಿಟ್ಟಿದ್ದ. ಎಮ್ಮೆ ಅವನನ್ನು ದರದರ ಎಳೆದು ತಂದು ಕೆಸರಿನಲ್ಲಿ ಕೆಡವಿ ಹೋಯಿತು.

ಕಣ್ಣೆದುರಿಗೇ ಡಬ್ಬಿ ಇದ್ದರೂ ಯಾಕೆ ಎಸೆಯಲಿಲ್ಲ ಎಂದು ಕೇಳಿದೆ. ಒಬ್ಬ ಬಹಳ ವಿನಯದಿಂದ ಹೇಳಿದ: "ಮುಟ್ಟಬ್ಯಾಡ್ರಿ ಅಂತ ಬರದೀರಲ್ರಿ ಸರ."

ಎಮ್ಮೆಗೆ ಓದು ಬರುತ್ತಿರಲಿಲ್ಲ. ಅದಕ್ಕೇ ಹುಡುಗ ಉಳಿದ. ಮನೆಗೆ ಹೋಗಿ ಆ ಅಕ್ಷರಗಳನ್ನು ಉಜ್ಜಿ ತೆಗೆದು ಬೇರೆ ಬರೆದೆ: ಬೇಕಾದವರು ತೆಗೆದುಕೊಳ್ಳಿ.

ಮಜ್ಜಿಗೆ

ಇದರಲ್ಲಿ ನಗುವುದೇನೂ ಇಲ್ಲ. ಆದರೂ ಹೇಳದಿದ್ದರೆ ನನ್ನನ್ನು ಬರೀ ತಲೆಕೆಟ್ಟ ಮುದುಕ ಅಂದುಕೊಳ್ಳುತ್ತೀರಿ.

ನನಗೆ ಇಪ್ಪತ್ತು, ನನ್ನ ತಮ್ಮನಿಗೆ ಹದಿನಾರು. ಹುನಗುಂದದ ಕಡೆ ಮಲಪ್ರಭೆಯ ದಂಡೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ತಮ್ಮ ನೀರಿನೊಳಗಿನ ಗುಂಡಿಯಲ್ಲಿ ಸಿಕ್ಕಿಕೊಂಡ. ಊರಿಗೆಲ್ಲ ಈಜುಗಾರನೆಂದು ಹೆಸರಾದ ನಾನು ಹಾರಿದೆ. ಅವನು ನನ್ನ ಕುತ್ತಿಗೆ ತಬ್ಬಿಕೊಂಡ. ಇಬ್ಬರೂ ಕೆಳಗೆ ಹೋದೆವು. ಉಸಿರು ಕಟ್ಟಿದಾಗ ಅವನ ಕೈಗಳನ್ನು ನಾನೇ ಬಿಡಿಸಿದೆ. ಮೇಲೆ ಬಂದವನು ನಾನೊಬ್ಬನೇ.

ದಂಡೆಯ ಮೇಲೆ ಮಜ್ಜಿಗೆಯ ದೊಡ್ಡ ಡಬ್ಬಿ ಇತ್ತು. ಪಕ್ಕದಲ್ಲೇ ಎತ್ತಿನ ಚಕ್ಕಡಿಯ ಹಗ್ಗ ಬಿದ್ದಿತ್ತು. ಮಜ್ಜಿಗೆ ಚೆಲ್ಲಿ, ಮುಚ್ಚಳ ಹಾಕಿ, ಎಸೆದಿದ್ದರೆ ಸಾಕಿತ್ತು. ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಸಂಜೆ ಯಾರೋ ಆ ಮಜ್ಜಿಗೆಯನ್ನು ಲೋಟಕ್ಕೆ ಬಗ್ಗಿಸಿ, ಕುಡಿ, ಸಮಾಧಾನ ಮಾಡಿಕೊ ಎಂದು ನನ್ನ ಕೈಗೇ ಕೊಟ್ಟರು. ಅಂದಿನಿಂದ ನಾನು ಮಜ್ಜಿಗೆ ಕುಡಿಯುವುದಿಲ್ಲ.

ಸ್ವಂತ ಮನೆ

ಕಳೆದ ಬೇಸಿಗೆಯಲ್ಲಿ ಹಿನ್ನೀರು ಬಹಳ ಇಳಿದಿತ್ತು. ಆಲಮಟ್ಟಿ ಆಣೆಕಟ್ಟಿನಿಂದ ಮುಳುಗಡೆಯಾದ ಹಳೆಯ ಬಾಗಲಕೋಟೆಯ ಅಡಿಪಾಯದ ಕಲ್ಲುಗಳು ಅಲ್ಲಲ್ಲಿ ಕಾಣುತ್ತಿದ್ದವು. ಮುಳುಗಡೆಯವರಿಗೆಂದು ಕಟ್ಟಿದ ನವನಗರದಿಂದ ಒಬ್ಬ ಸಾಹುಕಾರರು ಹೆಂಡತಿ, ಮಗ ಮತ್ತು ರಜೆಗೆ ಬಂದ ಇಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದರು. ತಾವು ಹುಟ್ಟಿ ಬೆಳೆದ ಮನೆ ತೋರಿಸಬೇಕಂತೆ.

ಧೋತರ ಮೇಲೆತ್ತಿ ಮೊಣಕಾಲು ನೀರಿನಲ್ಲಿ ಹೊರಟರು. ಒಂದು ಕಲ್ಲಿನ ಹತ್ತಿರ ನಿಂತು, ಇದು ಹೊಸ್ತಿಲು ಎಂದು ಚಪ್ಪಲಿ ಬಿಟ್ಟರು. ಚಪ್ಪಲಿ ತೇಲಿ ಹೋದವು. ಇಲ್ಲಿ ದನ ಕಟ್ಟುತ್ತಿದ್ದೆವು, ಇದು ಪಡಸಾಲೆ, ಅಗೋ ಅಲ್ಲಿ ಅಡುಗೆಮನೆ ಎಂದು ದಂಡೆಯಲ್ಲಿದ್ದ ಮೊಮ್ಮಕ್ಕಳಿಗೆ ಕೂಗಿ ಹೇಳುತ್ತ ಸೊಂಟದ ನೀರಿಗೆ ಬಂದರು. ನೀರಿನ ಕೆಳಗೆ ಏನಿದೆಯೋ ಗೊತ್ತಿಲ್ಲ, ಹಿಂದಕ್ಕೆ ಬನ್ನಿ ಎಂದು ನಾನು ಕೂಗಿದೆ. ಅವರಿಗೆ ಅವಮಾನವಾಯಿತು.

"ಏನ್ರಿ ಮಾಸ್ತರ, ನಮ್ಮ ಮನ್ಯಾಗ ನಾ ಮುಳುಗತೇನೇನು?" ಎಂದವರು ಒಂದು ಹೆಜ್ಜೆ ಇಟ್ಟರು. ಟೋಪಿ ಮಾತ್ರ ನೀರಿನ ಮೇಲೆ ಉಳಿಯಿತು.

ಅವರು ಬಿದ್ದದ್ದು ಹಗೇವಿನಲ್ಲಿ. ಜೋಳ ತುಂಬಿಡಲು ಅವರ ಅಜ್ಜನೇ ಪಡಸಾಲೆಯ ನೆಲದಲ್ಲಿ ತೋಡಿಸಿದ ಆಳದ ಗುಂಡಿ ಅದು. ಮಗ ಅಂಗಿ ಕಿತ್ತು ಹಾರಲು ಓಡಿದ. ಅವನ ರಟ್ಟೆ ಹಿಡಿದೆ. "ಹಾರಬ್ಯಾಡ. ಅವ್ರು ನಿನ್ನ ಕುತಗಿ ಹಿಡೀತಾರ. ಅವ್ರ ಕೈ ನೀನ ಬಿಡಿಸಬೇಕಾಗತೈತಿ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವನು ನಿಂತ.

ತಿರುಗಿ ನೋಡಿದರೆ ಮರದಲ್ಲಿ ಹಗ್ಗವಿದೆ, ಡಬ್ಬಿ ಇಲ್ಲ. ಡಬ್ಬಿ ಸಾಹುಕಾರರ ಹೆಂಡತಿಯ ಕಂಕುಳಲ್ಲಿತ್ತು. ಬೇಕಾದವರು ತೆಗೆದುಕೊಳ್ಳಿ ಎಂದು ಬರೆದಿತ್ತಲ್ಲ, ಆಕೆಗೆ ಬೇಕಾಗಿತ್ತು. ನನ್ನ ಕಣ್ಣು ಸಾಹುಕಾರರ ಮೇಲಿದ್ದಾಗ ಗಂಟು ಬಿಚ್ಚಿ ತೆಗೆದುಕೊಂಡು, ಹೊಸ ಮನೆಯ ದೇವರ ಜಗಲಿಗೆಂದು ಹಳೆಯ ಮನೆಯ ನೀರನ್ನು ಕಂಠಮಟ್ಟ ತುಂಬಿಕೊಂಡಿದ್ದಳು.

ಕಸಿದುಕೊಂಡು ಮುಚ್ಚಳ ತೆಗೆದು ಬೋರಲು ಹಿಡಿದೆ. ಸಣ್ಣ ಬಾಯಿಯ ಡಬ್ಬಿ, ನೀರು ಗಳಗಳ ಎಂದು ನಿಂತು ನಿಂತು ಸುರಿಯಿತು. ಅಷ್ಟರಲ್ಲಿ ಸಾಹುಕಾರರು ಎರಡು ಸಲ ಮೇಲೆ ಬಂದು ಹೋದರು. ಆ ಮಜ್ಜಿಗೆ ಚೆಲ್ಲಿದ್ದರೂ ಹೀಗೇ ಸದ್ದು ಬರುತ್ತಿತ್ತು ಎಂದು ನನ್ನ ತಲೆಗೆ ಬಂತು. ನನಗೆ ಅಳು ಬರುತ್ತಿತ್ತು. ಮುಚ್ಚಳ ಬಿಗಿದೆ, ಹಗ್ಗ ಕಟ್ಟಿದೆ, ಎಸೆದೆ. ಮೊದಲನೆಯ ಸಲ ಕೈಗೆಟುಕದಷ್ಟು ದೂರ ಬಿತ್ತು. ಎರಡನೆಯ ಸಲ ಅವರ ಕಿವಿಯ ಪಕ್ಕ ಬಿತ್ತು. ಅವರು ಕೂಸನ್ನು ಅವಚಿದಂತೆ ಡಬ್ಬಿಯನ್ನು ಅವಚಿಕೊಂಡರು. ಮಗ ಮತ್ತು ನಾನು ಎಳೆದೆವು.

ದಂಡೆಗೆ ಬಿದ್ದು, ಹೊಟ್ಟೆಯ ನೀರೆಲ್ಲ ಕಾರಿದ ಮೇಲೆ ಅವರಾಡಿದ ಮೊದಲ ಮಾತು ನನಗಲ್ಲ, ಹೆಂಡತಿಗೆ. "ಊರು ಬಿಡೂ ಮುಂದ ಹಗೇವು ಮುಚ್ಚಸು ಅಂತ ಹೇಳಿದ್ದಿಲ್ಲೇನು ನಿನಗ?"

ಆಕೆಯೂ ಬಿಡಲಿಲ್ಲ. "ಮುಳುಗೂ ಮನಿಯಾಗ ಹಗೇವು ಮುಚ್ಚಿ ಯಾರನ್ನ ಕಾಯೂದೈತಿ ಅಂದವ್ರು ನೀವ."

ಇಬ್ಬರೂ ಸ್ವಲ್ಪ ಹೊತ್ತು ಕೂಗಾಡಿದರು. ಮಗ ನಾಚಿಕೊಂಡು ನನ್ನ ಕೈ ಮುಟ್ಟಿ ನಮಸ್ಕರಿಸಿದ. ಆಕೆ ಸೆರಗು ಸರಿ ಮಾಡಿಕೊಂಡು ನನ್ನ ಹತ್ತಿರ ಬಂದಳು. ಎರಡು ಒಳ್ಳೆಯ ಮಾತು ಕೇಳಬಹುದೆಂದು ನಾನೂ ಎದ್ದು ನಿಂತೆ.

"ಮಾಸ್ತರ, ಇದ್ದ ನೀರೆಲ್ಲಾ ಚೆಲ್ಲಿಬಿಟ್ರಿ. ಡಬ್ಬಿ ಕೊಡ್ರಿ, ಇನ್ನೊಮ್ಮಿ ತುಂಬಕೊಂಡು ಹೋಗ್ತೇನಿ."

ನಾನು ಕೊಡಲಿಲ್ಲ. ಮುಚ್ಚಳ ಇನ್ನೊಂದು ಸುತ್ತು ಬಿಗಿದು ಮರಕ್ಕೆ ತೂಗುಹಾಕಿದೆ. ಈಗ ನವನಗರದಲ್ಲಿ ನಾನು ಸಾಹುಕಾರರನ್ನು ಬದುಕಿಸಿದ ಸುದ್ದಿ ಯಾರಿಗೂ ಗೊತ್ತಿಲ್ಲ. ಹೆಣ್ಣುಮಗಳೊಬ್ಬಳು ಬಾಯಿಬಿಟ್ಟು ಕೇಳಿದರೂ ಐದು ಲೀಟರಿನ ಖಾಲಿ ಡಬ್ಬಿ ಕೊಡದ ಮಾಸ್ತರ ಎಂದರೆ ಮಾತ್ರ ಎಲ್ಲರಿಗೂ ಗೊತ್ತು.