ಸನ್ಮಾನದ ಮೊಳೆ

ಹಾಲಸಿದ್ದಪ್ಪ: ನೀ ಏನರ ಅನ್ನು ಸುವರ್ಣಾ, ಮ್ಯಾಲಿನ ಮನಿಯವರನ್ನ ಈ ತಿಂಗಳು ಖಾಲಿ ಮಾಡಸೋದ. ಅವರು ಜಳಕ ಮಾಡ್ತಾರೋ, ಆನಿ ತೊಳೀತಾರೋ? ರಾತ್ರಿ ತುಂಬಿಸಿದ ಟ್ಯಾಂಕು ಮುಂಜಾನಿ ಅರ್ಧ ಇಲ್ಲ!

ಸುವರ್ಣಮ್ಮ: ಹೌದ್ರಿ, ಮ್ಯಾಲಿನ ಮನಿ ಸುಮಂಗಲಾ ಭಾಳ ಕಿಲಾಡಿ. ಗಂಡ, ಮಗಳನ್ನ ಕರ್ಕೊಂಡು ಮೊನ್ನೆನ ಸಿರುಗುಪ್ಪಕ್ಕ ತವರಿಗೆ ಹೋಗ್ಯಾಳ. ಅಲ್ಲಿ ಹೊಳಿ ಹರೀತಿದ್ರೂ, ಕುಂತಲ್ಲಿಂದನ ನಿಮ್ಮ ಟ್ಯಾಂಕಿನ ನೀರು ಹೀರಾಕತ್ತಾಳ.

ಬಳ್ಳಾರಿ ಕೌಲ್ ಬಜಾರಿನ ಆ ಎರಡಂತಸ್ತಿನ ಮನೆಯ ಪಡಸಾಲೆಯಲ್ಲಿ, ಬಾಗಿಲಿಗೆ ನೇರವಾಗಿ ಹಾಲಸಿದ್ದಪ್ಪನವರ ದೊಡ್ಡ ಫೋಟೋ. ಮೈಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ, ಹಿಂದೆ ‘ನೀರು ಉಳಿಸಿ’ ಎಂಬ ಬ್ಯಾನರು. ಓಣಿಯವರು ಒಂದು ದಿನ ಮೈಕು ಕೊಟ್ಟು ಸನ್ಮಾನ ಮಾಡಿದ್ದರು. ಪುಣ್ಯಾತ್ಮರ ಭಾಷಣ ಇನ್ನೂ ಮುಗಿದಿಲ್ಲ. ಫೋಟೋದ ಕೆಳಗೆ ಗೋಡೆಯ ಬಣ್ಣ ಉಬ್ಬಿ, ಉದುರಿ, ಹಸಿ ಕಲೆ ನೆಲದ ತನಕ ಇಳಿದಿತ್ತು.

ಸುವರ್ಣಮ್ಮ: ಮನ್ಯಾಗಿನ ನಳ ಎಲ್ಲಾ ಬಂದ್ ಮಾಡಿ ಮಲಗಿದಾಕಿ ನಾನ. ಆದರೂ ನೀರು ಇಳದೈತಿ. ಮೊದಲು ಆ ಗ್ವಾಡಿ ನೋಡ್ರಿ.

ಹಾಲಸಿದ್ದಪ್ಪ: ಅದು ಥಂಡಿ.

ಸುವರ್ಣಮ್ಮ: ಥಂಡಿ! ಬಳ್ಳಾರಿಯಾಗ! ಮೇ ತಿಂಗಳದಾಗ! ಊರಿಗೆಲ್ಲ ಹೇಳ್ರಿ, ಮಂದಿ ಹಾಸಿಗಿ ತಗೊಂಡು ಬಂದು ಈ ಗ್ವಾಡಿ ಬುಡಕ್ಕ ಮಲಗಲಿ.

ಹಾಲಸಿದ್ದಪ್ಪ: ಹಂಗಾದ್ರ ಸಿಮೆಂಟು ಕಡಿಮಿ ಹಾಕ್ಯಾನ ಆ ಗೌಂಡಿ.

ಸುವರ್ಣಮ್ಮ: ಇಪ್ಪತ್ತು ವರ್ಷ ಒಣಗಿದ್ದ ಗ್ವಾಡಿ ನಿಮ್ಮ ಸನ್ಮಾನ ಆದ ಮ್ಯಾಲ ಯಾಕ ಬೆವರಾಕತ್ತೈತಿ? ಅಡಿಗಿಮನಿ ಪೈಪು ಆ ಗ್ವಾಡಿ ಒಳಗ ಬಂದೈತಿ, ಅಲ್ಲಿ ಮೊಳಿ ಹೊಡೀಬ್ಯಾಡ್ರಿ ಅಂದೆ. ನೀವೇನಂದ್ರಿ?

ಹಾಲಸಿದ್ದಪ್ಪ: ಬಾಗಲಾಗ ನಿಂತವರಿಗೆ ಕಾಣಬೇಕು ಅಂದೆ. ತಪ್ಪೇನೈತಿ? ಮೊಳಿ ಪೈಪಿಗೆ ತಾಗಿದ್ರ ಅವತ್ತ ನೀರು ಚಿಮ್ಮತಿತ್ತು.

ಸುವರ್ಣಮ್ಮ: ಮೊಳಿನ ಬಿರಡಿಯಾಗಿ ಕುಂತೈತ್ರಿ, ಅದಕ್ಕ ಚಿಮ್ಮಲಾರದ ಬಸಿಯಾಕತ್ತೈತಿ. ತಮ್ಮ ಎಲಿಯಾಗ ಹೆಗ್ಗಣ ಸತ್ತು ಬಿದ್ದೈತಿ, ಮಂದಿ ಎಲಿಯಾಗಿನ ನೊಣ ಹುಡುಕ್ತಾರ. ಮ್ಯಾಲಿನವರ ಕೂಸಿನ ಸಾಲಿ ಇಲ್ಲೇ ಐತಿ. ಸುಮಂಗಲಾ ಹೋದ್ರ ನನಗೂ ಮಾತಾಡಾಕ ಯಾರದಾರ? ಈ ಫೋಟೋ?

ಆಕೆಯ ದನಿ ಅಲ್ಲಿ ಸ್ವಲ್ಪ ಒಡೆಯಿತು. ಅದು ಕೇಳಿಸಿತೋ ಏನೋ, ಹಾಲಸಿದ್ದಪ್ಪ ಬಿಗುಮಾನದಿಂದ ಎದ್ದರು.

ಹಾಲಸಿದ್ದಪ್ಪ: ನೋಡು, ಈಗ ಮೊಳಿ ಕಿತ್ತು ತೋರಸ್ತೀನಿ. ಒಂದು ಹನಿ ಬಂದ್ರ ಕೇಳು.

ಸುವರ್ಣಮ್ಮ: ಮೊದಲು ಮ್ಯಾಲ ಹೋಗಿ ಟ್ಯಾಂಕಿನ ವಾಲ್ವ್ ಬಂದ್ ಮಾಡ್ರಿ!

ಹಾಲಸಿದ್ದಪ್ಪ: ನೀರಿನ ಬಗ್ಗೆ ನನಗ ಹೇಳಬ್ಯಾಡ.

ಫೋಟೋ ಇಳಿಸಿ, ಇಕ್ಕಳದಿಂದ ಮೊಳೆ ಎಳೆದರು. ಬಂದದ್ದು ಒಂದು ಹನಿಯಲ್ಲ. ನೀರು ಸರ್ರನೆ ಚಿಮ್ಮಿ ಅವರ ಮುಖ, ಮೀಸೆ, ಅಂಗಿ ಎಲ್ಲವನ್ನೂ ತೋಯಿಸಿತು. ಹೆಬ್ಬೆರಳಿನಿಂದ ತೂತು ಒತ್ತಿ ಹಿಡಿದು ಗೋಡೆಗೆ ಅಂಟಿಕೊಂಡರು.

ಹಾಲಸಿದ್ದಪ್ಪ: ಲೇ, ಓಡು! ವಾಲ್ವ್ ಬಂದ್ ಮಾಡು!

ಸುವರ್ಣಮ್ಮ: ಈ ಮೊಣಕಾಲು ನೋವಿನಾಗ? ಮಾಳಗಿ ಹತ್ತೋದ್ರಾಗ ನಿಮ್ಮ ಬೆರಳಿಗೆ ಬೇರು ಬಿಟ್ಟಿರ್ತಾವು.

ಅಷ್ಟರಲ್ಲಿ ಮೇಲಿನ ಮನೆಯ ಸುಮಂಗಲಾ ಸಿರುಗುಪ್ಪ ಬಸ್ಸಿಳಿದು, ಗಂಡ, ಮಗಳನ್ನು ತವರಲ್ಲೇ ಬಿಟ್ಟು ಒಬ್ಬಳೇ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಳು.

ಸುಮಂಗಲಾ: ಏನಾತ್ರಿ ಆಂಟಿ? ಅಂಕಲ್ ಯಾಕ ಗ್ವಾಡಿ ಹಿಡಕೊಂಡಾರ?

ಸುವರ್ಣಮ್ಮ: ನೀರು ಉಳಸಾಕತ್ತಾರವ್ವಾ.

ಹಾಲಸಿದ್ದಪ್ಪ: ಸುಮಂಗಲಾ, ಮ್ಯಾಲ ಹೋಗಿ ಟ್ಯಾಂಕಿನ ವಾಲ್ವ್ ತಿರುವವ್ವಾ!

ಸುಮಂಗಲಾ: ಅಯ್ಯೋ, ಟ್ಯಾಂಕಿನ ತಂಟೇಕ ಹೋದ್ರ ಖಬರ್ದಾರ್ ಅಂದವರು ನೀವರಿ. ನಾ ಹೆಂಗ ಮುಟ್ಟಲಿ?

ಸುವರ್ಣಮ್ಮ: ಖರೇ ಮಾತು. ಅದೂ ಅಲ್ದ ಈ ತಿಂಗಳು ನೀವು ಖಾಲಿ ಮಾಡೋರು. ಕುಂದ್ರವ್ವಾ, ಬಿಸಿಲಾಗ ಬಂದೀದಿ, ಮೊದಲು ಚಾ ಕುಡಿ.

ಹಾಲಸಿದ್ದಪ್ಪ: ಯಾರಂದ್ರು ಖಾಲಿ ಮಾಡ್ರಿ ಅಂತ? ಕೂಸಿನ ಕಾಲೇಜು ಮುಗಿಯೋತನಕ ಇರ್ರಿ! ಮದುವಿನೂ ಇಲ್ಲೇ ಮಾಡ್ರಿ! ಓಡವ್ವಾ ತಾಯಿ, ಬೆರಳು ಮರಗಟ್ಟಿತು!

ಸುಮಂಗಲಾ ಬ್ಯಾಗು ಎಸೆದು ಮೆಟ್ಟಿಲು ಹತ್ತಿದಳು. ಸ್ವಲ್ಪ ಹೊತ್ತಿಗೆ ನೀರು ನಿಂತಿತು. ಹಾಲಸಿದ್ದಪ್ಪ ಬೆರಳು ತೆಗೆದು, ತೊಯ್ದ ಮೀಸೆ ಒರೆಸಿಕೊಂಡು, ಕೆಳಗಿದ್ದ ಫೋಟೋವನ್ನೇ ನೋಡಿದರು.

ಹಾಲಸಿದ್ದಪ್ಪ: ಇನ್ನ ಇದನ್ನ ಎಲ್ಲಿ ಹಾಕೋದು?

ಸುವರ್ಣಮ್ಮ: ಫೋಟೋ ಯಾಕ್ರಿ? ಬಾಗಲಾಗ ನಿಂತವರಿಗೆ ಆ ತೂತು ಚೊಲೋ ಕಾಣ್ತೈತಿ. ಗುಡಿ ಫ್ಯಾನಿನ ಮ್ಯಾಲ ಬರಸ್ತಾರಲ್ಲ, ಹಂಗ ಅದರ ಬುಡಕ್ಕ ಬರಸ್ತೀನಿ: ‘ಶ್ರೀ ಹಾಲಸಿದ್ದಪ್ಪನವರ ಕೊಡುಗೆ’.