ಕಡೇ ಪಂಕ್ತಿಯ ಕರಡಿ

ಸೃಷ್ಟಿಯ ಕೆಲಸವನ್ನು ಬ್ರಹ್ಮ ನನ್ನ ಸೋದರಮಾವನಿಗೆ ವಹಿಸಿದ್ದರೆ ಹುಲಿಗೂ ಜಿಂಕೆಗೂ ಇಷ್ಟು ಹೊತ್ತಿಗೆ ರಾಜಿಯಾಗಿರುತ್ತಿತ್ತು! ಇಲ್ಲವೇ ಇಬ್ಬರಿಗೂ ಬೇರೆ ಬೇರೆ ಪಂಕ್ತಿಯಲ್ಲಿ ಊಟವಾಗಿರುತ್ತಿತ್ತು.

ನರಸೀಪುರದ ಸುತ್ತಮುತ್ತ ನಮ್ಮ ನೆಂಟರಲ್ಲಿ ಯಾರ ಮದುವೆಯಾದರೂ ಊಟಕ್ಕೆ ಜನರನ್ನು ಕೂರಿಸುವವನು ಅವನೇ. ಬಡಿಸುವುದಕ್ಕೆ ಹತ್ತು ಜನ ಸಿಗುತ್ತಾರೆ, ಕೂರಿಸುವುದು ಸುಲಭವೇ? ಗದ್ದೆ ಬದುವಿಗಾಗಿ ಕೋರ್ಟಿಗೆ ಹೋದ ಅಣ್ಣತಮ್ಮಂದಿರ ನಡುವೆ ಕಿವಿ ಕೇಳದ ಅಜ್ಜಿಯೊಬ್ಬಳನ್ನು ತಂದು ಕೂರಿಸಿಬಿಡುತ್ತಾನೆ. ಮುನಿದ ಬೀಗರಿಗೆ ಫ್ಯಾನಿನ ಕೆಳಗಿನ ಎಲೆ. ಅವನ ಪಂಕ್ತಿಯಲ್ಲಿ ಪಾಯಸ ಚೆಲ್ಲಿದ್ದುಂಟು, ಜಗಳ ಎದ್ದದ್ದಿಲ್ಲ.

ನಾನು ನಮ್ಮ ವಂಶಕ್ಕೇ ಮೊದಲ ಡಿಗ್ರಿಯವಳು. ಮೈಸೂರು ಬಸ್ಸಿನಲ್ಲಿ ನಿಂತುಕೊಂಡೇ ಪ್ರಾಣಿಶಾಸ್ತ್ರ ಓದಿದೆ. ಈಗ ಮೃಗಾಲಯವೊಂದರಲ್ಲಿ, ಮುಂದೆ ಯಾವ ಪ್ರಾಣಿ ತರಬೇಕು, ಯಾವುದನ್ನು ಎಲ್ಲಿ ಇಡಬೇಕು ಎಂದು ನಕ್ಷೆ ಹಾಕುವ ಕೆಲಸ. ಸದ್ಯಕ್ಕೆ, ಹೊಸ ನಕ್ಷೆಯಲ್ಲಿ ಒಂದು ಮುದಿ ಕರಡಿಗೆ ಜಾಗ ಸಿಗದೆ ನನಗೆ ನಿದ್ದೆಯಿಲ್ಲ.

ನನ್ನ ಕೆಲಸ ಏನೆಂದು ಕೇಳಿ ಮಾವ ತೊಡೆ ತಟ್ಟಿಕೊಂಡ. “ಅಂದ್ರೆ ನಂದೇ ಕೆಲ್ಸ ಕಣವ್ವ! ನಿಂಗೆ ಸಂಬ್ಳ ಕೊಡ್ತಾರೆ, ನಂಗೆ ಎಲೆಅಡ್ಕೆ ಕೊಡ್ತಾರೆ, ಅಷ್ಟೇಯ.”

ಅಂದಿನಿಂದ ರಜೆಯ ದಿನ ನಮ್ಮ ಮನೆಗೆ ಬಂದು, ನಡುಮನೆಯಲ್ಲಿ ಹರಡಿದ ನಕ್ಷೆಯ ಮುಂದೆ ಚಕ್ಕಂಬಕ್ಕಳ ಹಾಕಿಬಿಡುತ್ತಾನೆ.

“ಜಿರಾಫೆನ ಮುಂದ್ಗಡೆ ಇಟ್ಟಿದ್ದೀಯಲ್ಲ! ಅದ್ರ ಇಂದೆ ಕುಂತೋರು ಬಡ್ಸೋನ ಕಣ್ಗೆ ಎಂಗವ್ವ ಬೀಳ್ತಾರೆ?”

“ಮಾವ, ಅಲ್ಲಿ ಬಡಿಸೋರು ಇರಲ್ಲ. ಜನ ಸುಮ್ನೆ ನೋಡಕ್ಕೆ ಬರ್ತಾರೆ.”

“ಊಟ ಇಲ್ದೆ ದುಡ್ಡು ಕೊಟ್ಟು ಬತ್ತಾರಾ? ಎಂಥ ಜನವ್ವ!”

ನೀರಾನೆಯನ್ನು ಕಂಡರೆ, “ತಲಕಾಡಿನ ನಮ್ ಭಾವ ಇದ್ದಂಗವ್ನೆ. ಕುಂತ್ರೆ ಏಳಕ್ಕಿಲ್ಲ. ಬಾಗ್ಲತ್ರ ಮಾತ್ರ ಕೂರಿಸ್ಬ್ಯಾಡ!”

ಹುಲಿಯ ವಾಸನೆ ಗಾಳಿಯಲ್ಲಿ ಬಂದರೂ ಜಿಂಕೆಗಳು ಮೇವು ಬಿಡುತ್ತವೆ, ಅದಕ್ಕೇ ನಡುವೆ ದೂರ ಬೇಕು ಎಂದು ನಾನು ಓದಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಮಾವ ಗಂಭೀರವಾಗಿ ತಲೆದೂಗಿದ. “ನಡೂಕೆ ಆಮೆ ಇಡು.”

“ಆಮೆ ಯಾಕೆ?”

“ಕಿವುಡಜ್ಜಿ ಕಣವ್ವ ಅದು!”

ಹೀಗೆ ನಗುತ್ತಿದ್ದಾಗಲೇ ಕರಡಿಯ ಮಾತೆತ್ತಿದೆ. ಅದರ ಜೋಡಿ ಸತ್ತು ಬಹಳ ಕಾಲವಾಯಿತು. ಬೇರೆ ಕರಡಿಯನ್ನು ಹತ್ತಿರ ಸೇರಿಸುವುದಿಲ್ಲ. ಆದರೆ ಶಾಲೆ ಮಕ್ಕಳ ಗದ್ದಲ ಕೇಳಿದರೆ ಸಾಕು, ಹುಣಸೆಮರದ ಬುಡದಿಂದ ಎದ್ದು ಮುಂದೆ ಬರುತ್ತದೆ. ಆ ಜಾಗಕ್ಕೆ ಹರೆಯದ ಹೊಸ ಜೋಡಿ ತಂದು, ಮುದುಕನನ್ನು ಯಾರಿಗೂ ಕಾಣದ ಹಿಂದುಗಡೆಯ ಗೂಡಿಗೆ ಸಾಗಿಸಬೇಕೆಂದು ಮೇಲಿನವರ ಯೋಚನೆ.

ಯಾವುದಕ್ಕೂ ಥಟ್ಟನೆ ಜಾಗ ತೋರಿಸುವ ಮಾವ ಈ ಸಲ ನಕ್ಷೆಯ ಮೇಲೆಲ್ಲ ಬೆರಳಾಡಿಸಿದ.

“ಕಡೇ ಪಂಕ್ತಿಗೆ ಆಕ್ಬುಡವ್ವ. ಜೋಡಿ ಇಲ್ದೋನು. ಯಾರ ಪಕ್ಕ ಕೂರ್ಸಿದ್ರೂ ಒಂದ್ ಮಾತು ಬತ್ತದೆ.” ಆಮೇಲೆ ಮೆಲ್ಲಗೆ, “ಕಡೇ ಪಂಕ್ತೀಲೂ ಎಲ್ಲಾ ಇರ್ತದೆ. ಸಾರು ಒಸಿ ತಣ್ಣಗಿರ್ತದೆ, ಅಷ್ಟೇಯ.”

ಮಾವ ಮದುವೆಯಾಗಲಿಲ್ಲ. ಇಷ್ಟೊಂದು ಮದುವೆಗಳಲ್ಲಿ ಎಲ್ಲರನ್ನೂ ಕೂರಿಸಿದವನು ತಾನೆಲ್ಲಿ ಕೂತು ಉಂಡ? ಎಲ್ಲರ ಎಲೆ ಎತ್ತಿದ ಮೇಲೆ, ಅಡುಗೆಯವರ ಜೊತೆ, ಒಲೆ ಆರಿದ ಮೇಲೆ.

ಮರುದಿನ ನಕ್ಷೆ ತಿದ್ದಿಕೊಂಡು ಆಫೀಸಿಗೆ ಹೋದೆ. ಹೊಸ ಜೋಡಿಗೆ ಪಕ್ಕದಲ್ಲೇ ಗೋಡೆ ಹಾಕಿ ಬೇರೆ ಜಾಗ ಮಾಡೋಣ, ಮುದುಕ ಹುಣಸೆಮರದ ಕೆಳಗೇ ಇರಲಿ ಎಂದೆ. ಗೊಣಗಿದರು. ನಾನೂ ಬಿಡಲಿಲ್ಲ. ಕೊನೆಗೆ ಒಪ್ಪಿದರು.

ಅದಾಗಿ ಕೆಲವೇ ದಿನಕ್ಕೆ ನಂಜನಗೂಡಿನ ಛತ್ರದಲ್ಲಿ ಚಿಕ್ಕಮ್ಮನ ಮಗಳ ಮದುವೆ. ಮೊದಲ ಪಂಕ್ತಿಯಲ್ಲಿ ಕೂತು, ಪಕ್ಕದ ಎಲೆಯ ಮೇಲೆ ಕೈಯಿಟ್ಟುಕೊಂಡೆ. ಮಾವ ಗದರಿಕೊಂಡೇ ಬಂದ.

“ಯಾರ್ಗವ್ವ ಆ ಎಲೆ? ಜನ ಕಾಯ್ತಾವ್ರೆ!”

“ಕೂರಿಸೋನಿಗೆ. ಕೂತ್ಕೋ ಮಾವ.”

“ಥೂ! ನಾನ್ ಕುಂತ್ರೆ ಮುಂದಿನ ಪಂಕ್ತಿ ಕೂರ್ಸೋರ್ ಯಾರು?”

“ನಾನು. ಮತ್ತೆ ಡಿಗ್ರಿ ಮಾಡಿದ್ದು ಯಾಕೆ?”

ಪಂಕ್ತಿಯೆಲ್ಲ ನಕ್ಕಿತು. ಅತ್ತಿತ್ತ ನೋಡಿ, ಪಂಚೆ ಸರಿಮಾಡಿಕೊಂಡು ಮಾವ ಕೂತ. ಹಬೆಯಾಡುವ ಸಾರು ಬಂತು. ಅದರ ಬಿಸಿ ಅವನಿಗೇನು ಗೊತ್ತು, ಹಳೇ ಅಭ್ಯಾಸದಂತೆ ದೊಡ್ಡ ತುತ್ತನ್ನೇ ಬಾಯಿಗಿಟ್ಟ.

“ಏನವ್ವಾ ಇದು, ಇಂಗೆ ಸುಡ್ತದೆ!” ಎಂದು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.